ಡೈರಿಯ ಕೆಳಗಿನ ಸಹಿ

ಧಾರವಾಡದಿಂದ ಮುಂಬೈಯ ಅಂಧೇರಿಗೆ ಬಂದು ನೆಲೆಸಿದ ಆ ಮನೆಯಲ್ಲಿ, ಶಾಲೆ ತೆರೆದ ದಿನದ ಸಂಜೆ ಎಲ್ಲರೂ ಮಗಳ ಕಾನ್ವೆಂಟ್ ಡೈರಿ ಓದಲು ಕೂತರು. ಗೈರುಹಾಜರಿಗೆ ಪಾಲಕರ ಚೀಟಿ ಬೇಕು, ಕೈಗೆ ಮೆಹಂದಿ ಬೇಡ, ಪಾಲಕರ ಸಭೆ ತಪ್ಪಿಸುವಂತಿಲ್ಲ. ಅಪ್ಪ ತಲೆಯಾಡಿಸುತ್ತ ಪೆನ್ನು ತೆಗೆದ. ಅಮ್ಮ ಎರಡು ಕಡೆ ತಡೆದಳು.

ಮೊದಲನೆಯದು ಪ್ರಾರ್ಥನೆ. ಡೈರಿಯ ಪ್ರಕಾರ ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿಪಾಠ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹೇಳುವುದು ಇದನ್ನೇ. ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯ ಹೇರಬೇಡಿ, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಎಂದು 2024ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೂ ತನ್ನ ಶಾಲೆಗಳಿಗೆ ಸೂಚಿಸಿತ್ತು. ಅಮ್ಮನ ಅಳುಕು ಅಲ್ಲಿಗೆ ಕಳೆಯಿತು.

ಎರಡನೆಯದು ಒಂದೇ ಸಾಲು: ಮನೆಯಲ್ಲೂ ಮಗುವಿನೊಡನೆ ಇಂಗ್ಲಿಷಿನಲ್ಲೇ ಮಾತಾಡಿ. ಧಾರವಾಡದ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಬಾರದು.

ಅಮ್ಮ ಸಹಿ ಹಾಕಿದಳು. ಕೆಳಗೆ ಇಂಗ್ಲಿಷಿನಲ್ಲೇ ಬರೆದಳು: ಶಾಲೆಯ ನಿಯಮಗಳನ್ನೆಲ್ಲ ಪಾಲಿಸುತ್ತೇವೆ, ಮನೆಯ ಮಾತು ಮಾತ್ರ ಕನ್ನಡ. ಮರುದಿನ ಟೀಚರು ಅದರ ಪಕ್ಕ ತಮ್ಮ ಚಿಕ್ಕ ಸಹಿ ಹಾಕಿ ಕಳಿಸಿದರು.

ಭಾನುವಾರ ಮಗಳು ಫೋನಿನಲ್ಲಿ ಕೇಳಿದಳು: “ಅಜ್ಜಿ, ಅಲ್ಲಿ ಮಳಿ ಬಂತೇನು?”