ಬಗ್ಗಡವಾದ ಭರಣಿ, ಯಾರ ಮೇಲೆ ದೂರು?

ನಮ್ಮ ಸಕಲೇಶಪುರ, ಆಲೂರಿನ ಕಡೆ ಕೆಲವು ತೋಟದ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇನ್ನೊಂದು ಭರಣಿ ಇರುವುದುಂಟು. ಅದರಲ್ಲಿ ದ್ರಾಕ್ಷಿಯದೋ, ಶುಂಠಿಯದೋ, ಅನಾನಸಿನದೋ ವೈನು. ಮಳೆಗಾಲದ ಥಂಡಿಗೆ ಒಂದು ಸಣ್ಣ ಲೋಟ, ನೆಂಟರು ಬಂದರೆ ಇನ್ನೊಂದು. ಚೆನ್ನಾಗಿ ಬಂದರೆ "ನಮ್ಮನೆ ವೈನು" ಎಂದು ಯಜಮಾನರು ಬೀಗುತ್ತಾರೆ. ಬಗ್ಗಡವಾದರೆ, ಹುಳಿಯಾದರೆ ಮಾತ್ರ ಅದು ಹೆಂಗಸರ ತಪ್ಪು!

ಅದೂ ಎಂಥ ತಪ್ಪು ಅಂತೀರಿ? "ಮುಟ್ಟಾದವಳು ಭರಣಿ ಮುಟ್ಟಿರಬೇಕು" ಅನ್ನುವ ಮಾತು ಕೇಳದ ಹೆಣ್ಣು ಯಾರಿದ್ದಾರೆ, ಹೇಳಿ. ಆಲೂರಿನ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಹೊಸ ಸೊಸೆಗೆ ಈ ಮಾತು ಬಂತು. ಅನಾನಸಿನ ವೈನು ಎರಡು ತಿಂಗಳಾದರೂ ತಿಳಿಯಾಗದೆ ಅಕ್ಕಿ ತೊಳೆದ ನೀರಿನಂತೆ ನಿಂತಿತ್ತು. "ಅವಳ ಕೈಗುಣವೇ ಹಾಗೆ" ಎಂದು ಉಗ್ರಾಣಕ್ಕೇ ಹೋಗಬೇಡವೆಂದರು. ಉಪ್ಪಿನಕಾಯಿಯೂ ಇಲ್ಲ, ಹಪ್ಪಳವೂ ಇಲ್ಲ. "ಅಕ್ಕ, ನಾನು ಅದರ ಮುಚ್ಚಳಾನೂ ತೆಗೆದಿಲ್ಲ" ಎಂದು ಆ ಹುಡುಗಿ ಕಣ್ಣು ತುಂಬಿಕೊಂಡಳು.

"ದೊಡ್ಡಮ್ಮ, ಏನೇನು ಹಾಕಿದ್ರಿ?" ಎಂದು ಕೇಳಿದೆ.

"ಎಲ್ಲರೂ ಹಾಕೋದೇ ಕಣೇ. ಹಣ್ಣು, ಸಕ್ಕರೆ, ಈಸ್ಟು. ಖಾರ ಬರಲಿ ಅಂತ ಎರಡು ಹಿಡಿ ಗೋಧಿ ಕುಟ್ಟಿ ಹಾಕ್ದೆ."

ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಮನೆಯಲ್ಲಿತ್ತು. ಬಿಳಿ ಸಾಸರಿಗೆ ಒಂದು ಚಮಚ ವೈನು ಹಾಕಿ ಮೂರು ಹನಿ ಬಿಟ್ಟೆ. ನೋಡನೋಡುತ್ತ ಕಡು ನೀಲಿಯಾಯಿತು. ಅದು ಪಿಷ್ಟದ ಗುರುತು, ಅಂದರೆ ಗೋಧಿಯ ಹಿಟ್ಟಿನಂಶ. ಈಸ್ಟು ಸಕ್ಕರೆಯನ್ನು ತಿನ್ನುತ್ತದೆ, ಪಿಷ್ಟವನ್ನು ತಿನ್ನಲಾರದು. ಅದು ಹಾಗೇ ತೇಲುತ್ತಿರುತ್ತದೆ. ಸಾಸರಿನದನ್ನು ಚೆಲ್ಲಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನ್ನ ಕೈಗುಣ ಅನ್ನು" ಎಂದರು. ಮಾರನೆಯ ದಿನ ಉಗ್ರಾಣದ ಬೀಗದ ಕೈ ಸೊಸೆಯ ಸೊಂಟದಲ್ಲಿತ್ತು.

ಬಗ್ಗಡವಾದದ್ದೆಲ್ಲ ಕೆಟ್ಟದ್ದಲ್ಲ, ನೆನಪಿಡಿ. ಹೊಸ ವೈನಿನಲ್ಲಿ ಈಸ್ಟೇ ತೇಲುತ್ತಿರುತ್ತದೆ. ತಂಪಾದ ಜಾಗದಲ್ಲಿ ಅಲುಗಿಸದೆ ಇಟ್ಟರೆ ಗಸಿ ಇಳಿಯುತ್ತದೆ. ಮೇಲಿನ ತಿಳಿಯನ್ನು ಶುದ್ಧವಾದ ಕೊಳವೆಯಿಂದ ಬೇರೆ ಪಾತ್ರೆಗೆ ಇಳಿಸಿ. ಗಸಿಯ ಮೇಲೇ ತಿಂಗಳುಗಟ್ಟಲೆ ಬಿಟ್ಟರೆ ರುಚಿ ಕೆಡುತ್ತದೆ. ಹಣ್ಣನ್ನು ಕುದಿಸಿ ಹಾಕಿದರೆ ಜಾಮನ್ನು ಗಟ್ಟಿಯಾಗಿಸುವ ಪೆಕ್ಟಿನ್ ಬಿಟ್ಟುಕೊಂಡು ಮಬ್ಬು ಬರುತ್ತದೆ. ಶುಂಠಿಯಲ್ಲೂ ಪಿಷ್ಟವುಂಟು, ಅರೆಯದೆ, ಜಜ್ಜಿ ಬಟ್ಟೆಯಲ್ಲಿ ಕಟ್ಟಿ ಇಳಿಬಿಡಿ. ಮೊಟ್ಟೆಯ ಬಿಳಿ ಹಾಕಿ ತಿಳಿ ಮಾಡುವುದು ಕೆಂಪು ದ್ರಾಕ್ಷಿ ವೈನಿಗೆ ಸರಿ. ಆದರೆ ಫ್ರಾನ್ಸಿನ ಬೋರ್ಡೋದಲ್ಲಿ 225 ಲೀಟರಿನ ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿ ಸಾಕು. ನಮ್ಮ ಐದು ಲೀಟರಿನ ಭರಣಿಗೆ ಒಂದು ಪೂರ್ತಿ ಬಿಳಿ ಸುರಿದರೆ ಅತಿಯಾಯಿತು!

ಕಣ್ಣಿಗಿಂತ ಮೂಗನ್ನು ನಂಬಿ. ವಿನೆಗರಿನ ವಾಸನೆ ಬಂದರೆ ಗಾಳಿ ಆಡಿದೆ ಎಂದರ್ಥ. ನೊರೆ ಏಳುವಾಗ ಗಾಳಿ ಹೊರಹೋಗಲು ದಾರಿ ಬೇಕು, ನಿಜ. ನೊರೆ ನಿಂತ ಮೇಲೂ ಅರ್ಧ ಖಾಲಿ ಭರಣಿಗೆ ಬರೀ ಬಟ್ಟೆ ಕಟ್ಟಿಟ್ಟರೆ, ಹಣ್ಣಿನ ನೊಣ ಹೊತ್ತು ತಂದ ಸೂಕ್ಷ್ಮಜೀವಿಗಳು ಮದ್ಯಸಾರವನ್ನು ಹುಳಿಯಾಗಿಸುತ್ತವೆ. 1860ರ ದಶಕದಲ್ಲಿ ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದ್ದು ಇದನ್ನೇ. 1876ರಲ್ಲಿ ಬಿಯರು ಕೆಡುವುದರ ಬಗ್ಗೆಯೂ ಪುಸ್ತಕ ಬರೆದರು. ಹುಳಿಯಾದದ್ದಕ್ಕೆ ಸಕ್ಕರೆ ಸುರಿದರೆ ಸಕ್ಕರೆಯೂ ದಂಡ. ಕೊಳೆತ ಮೊಟ್ಟೆಯ ವಾಸನೆ ಈಸ್ಟು ಸೊರಗಿದ್ದರಿಂದ ಬರುವುದು. ಪಾತ್ರೆ ಬದಲಿಸಿದರೆ ಅನೇಕ ಸಲ ಹೋಗುತ್ತದೆ. ಹೋಗದಿದ್ದರೆ, ಇಲ್ಲವೇ ಮೇಲೆ ಬಣ್ಣಬಣ್ಣದ ಬೂಷ್ಟು ಕಂಡರೆ, ಮುಲಾಜಿಲ್ಲದೆ ಚೆಲ್ಲಿಬಿಡಿ. ತಾಮ್ರ, ಹಿತ್ತಾಳೆ ಪಾತ್ರೆ ಮಾತ್ರ ಯಾವತ್ತೂ ಬೇಡ. ಹುಳಿಗೆ ಲೋಹ ಕರಗಿ ವಿಷವಾದೀತು.

ಮಲೆನಾಡಿನವರಿಗೆ ಇನ್ನೊಂದು ಮಾತು. ಜಡಿಮಳೆಯ ಚಳಿಯಲ್ಲಿ ಈಸ್ಟು ಮಲಗಿಬಿಡುತ್ತದೆ. ಗುಳ್ಳೆ ನಿಂತಿತೆಂದು ಬಾಟಲಿಗೆ ಬಿಗಿಯಾಗಿ ಬಿರಡೆ ಜಡಿದರೆ, ಮಾರ್ಚಿ ಬಿಸಿಲಿಗೆ ಅದು ಎಚ್ಚೆತ್ತು ಬಾಟಲಿ ಸಿಡಿಯಬಹುದು. ಮಕ್ಕಳು ಓಡಾಡುವ ಮನೆ, ಜೋಪಾನ. ಭರಣಿಯನ್ನು ಬೆಚ್ಚಗಿನ ಮೂಲೆಗೆ ಸರಿಸಿ, ಎರಡು ವಾರ ಗುಳ್ಳೆ ಬರಲಿಲ್ಲವೆಂದು ಖಾತ್ರಿಯಾದ ಮೇಲೇ ಮುಚ್ಚಿ.

ಭರಣಿ ತುಂಬಿದ ದಿನವೇ ತಾರೀಖು, ಹಣ್ಣು, ಸಕ್ಕರೆ, ಈಸ್ಟಿನ ಅಳತೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕತ್ತಿಗೆ ಕಟ್ಟಿ. ಮುಂದೆ ಏನಾದರೂ ಕೆಟ್ಟರೆ ಆ ಚೀಟಿಯನ್ನು ಕೇಳಿ, ಸೊಸೆಯನ್ನಲ್ಲ.