ಎರವಲು ಬಂದ ಮಾತು

ನೆರೆಮನೆಯಿಂದ ಎರವಲು ತಂದ ಪಾತ್ರೆಯನ್ನು ತೊಳೆದು ಹಿಂದಿರುಗಿಸುವುದು ಗೃಹಸ್ಥರ ಮರ್ಯಾದೆ. ಎರವಲು ತಂದ ಮಾತನ್ನು ಮಾತ್ರ ಯಾರೂ ಹಿಂದಿರುಗಿಸುವುದಿಲ್ಲ. ಅದು ಹೊಸ ಮನೆಯಲ್ಲಿ ಹೊಸ ಅರ್ಥ ಪಡೆದು ಅಲ್ಲಿಯೇ ಬಾಳುತ್ತದೆ. ಗಡಿಯಲ್ಲಿ ನೆಲೆಸಿದ ನಮಗೆ ಇದು ನಿತ್ಯದ ಅನುಭವ. ಇಂಡೋನೇಷ್ಯಾದ ಭಾಷೆಯ ವಿಚಾರವನ್ನು ಓದತೊಡಗಿದ ಮೇಲೆ, ಇದು ಇಡೀ ಒಂದು ರಾಷ್ಟ್ರದ ಅನುಭವವೂ ಹೌದೆಂದು ಮನಗಂಡೆನು.

ಆ ದ್ವೀಪಗಳಲ್ಲಿ 700ಕ್ಕೂ ಮಿಕ್ಕಿ ಭಾಷೆಗಳಿವೆ. ಅವುಗಳಲ್ಲಿ ಜಾವಾ ನುಡಿಯನ್ನು ಮನೆಮಾತಾಗಿ ಉಳ್ಳವರೇ ಹೆಚ್ಚು. ಆದರೂ 1928ರ ಅಕ್ಟೋಬರ್ 28ರಂದು ಇಂದಿನ ಜಕಾರ್ತದಲ್ಲಿ ಸೇರಿದ್ದ ತರುಣರು, ಬಂದರುಗಳ ವ್ಯಾಪಾರದ ಮಾತಾಗಿದ್ದ ಮಲಯ ಭಾಷೆಯನ್ನೇ 'ಇಂಡೋನೇಷ್ಯಾದ ಭಾಷೆ' ಎಂದು ಕರೆದು, ಐಕ್ಯದ ನುಡಿಯಾಗಿ ಸ್ವೀಕರಿಸಿದರು. ಪ್ರಾಂತ್ಯಗಳ ನುಡಿಗಳು ಅದರ ಕಣಜವನ್ನು ತುಂಬುತ್ತ ಬಂದಿವೆ.

'ಉಂಡುಹ್' ಎಂಬ ಮಾತನ್ನೇ ನೋಡಿರಿ. ಜಾವಾದಲ್ಲಿ ಅದಕ್ಕೆ ಮರದ ಹಣ್ಣನ್ನು ಕೊಯ್ಯುವುದೆಂದು ಅರ್ಥ. ಮದುವೆಯ ಬಳಿಕ ವರನ ಮನೆಯವರು ನಡೆಸುವ ಸತ್ಕಾರವನ್ನೂ ಅದೇ ಮಾತಿನಿಂದ 'ಸೊಸೆಯನ್ನು ಕೊಯ್ದು ತರುವುದು' ಎನ್ನುತ್ತಾರೆ. ಇಂಡೋನೇಷ್ಯಾದ ಭಾಷೆಗೆ ಬಂದ ಮೇಲೆ, ಗಣಕಯಂತ್ರಕ್ಕೆ ಕಡತವನ್ನು ಇಳಿಸಿಕೊಳ್ಳುವುದಕ್ಕೂ ಇದೇ ಮಾತು!

ಒಂದೇ ರೂಪದ ಮಾತು ಇಕ್ಕಟ್ಟನ್ನು ತರುವುದೂ ಉಂಟು. ಪಶ್ಚಿಮ ಜಾವಾದ ಸುಂಡಾ ಜನರಿಗೆ 'ಅಮಿಸ್' ಎಂದರೆ ಸಿಹಿ. ಇಂಡೋನೇಷ್ಯಾದ ಭಾಷೆಯಲ್ಲಿ ಮೀನಿನ ಹಸಿವಾಸನೆ. ಅವರ 'ಬುದಾಕ್' ಮಗು, ರಾಷ್ಟ್ರಭಾಷೆಯಲ್ಲಿ ಗುಲಾಮ. ಇಷ್ಟಾದರೂ ಅಲ್ಲಿನ ಅಧಿಕೃತ ನಿಘಂಟು ಪ್ರಾಂತೀಯ ಮಾತುಗಳನ್ನು ಹೊರಗಿಡಲಿಲ್ಲ. 1988ರಲ್ಲಿ ಮೊದಲು ಪ್ರಕಟವಾದ ಆ ಗ್ರಂಥವು ಅಂತಹ ಮಾತುಗಳ ಪಕ್ಕದಲ್ಲಿ ಅವುಗಳ ತವರುಭಾಷೆಯ ಗುರುತನ್ನು ಹಾಕುತ್ತದೆ.

ಕಾಸರಗೋಡಿನ ನಮ್ಮ ಮನೆಯಲ್ಲಿ, ಮಲಯಾಳ ಮಾಧ್ಯಮದಲ್ಲಿ ಓದುವ ಮೊಮ್ಮಗಳು ಒಮ್ಮೆ "ಅಜ್ಜಾ, ನನಗೆ ಹಾಡಲು ಅವಸರ ಸಿಕ್ಕಿತು" ಎಂದಳು. ಬೆಂಗಳೂರಿನಿಂದ ಬಂದಿದ್ದ ನೆಂಟರು ಗಟ್ಟಿಯಾಗಿ ನಕ್ಕರು. ಅವರು ಹೊರಡುವವರೆಗೂ ಮಗು ಅವರೆದುರು ಕನ್ನಡದ ಒಂದು ಮಾತನ್ನೂ ಆಡಲಿಲ್ಲ. ನಮಗೆ 'ಅವಸರ' ಎಂದರೆ ಆತುರ, ತೆಲುಗರಿಗೆ ಅಗತ್ಯ, ಮಲಯಾಳಿಗಳಿಗೆ ಅವಕಾಶ. ಸಂಸ್ಕೃತದ ಮೂಲಾರ್ಥಕ್ಕೆ ಸಮೀಪವಾಗಿದ್ದುದು ಆ ಮಗುವಿನ ಮಾತೇ.

ಕನ್ನಡದ ಅರ್ಥವನ್ನು ಮಕ್ಕಳಿಗೆ ಕಲಿಸಲೇಬೇಕು. ಆದರೆ ನಕ್ಕು ಕಲಿಸಿದರೆ ಮಾತು ತಿದ್ದುವುದಿಲ್ಲ, ಬಾಯಿ ಕಟ್ಟುತ್ತದೆ. ಮಡಕಶಿರಾದಲ್ಲಿಯೋ ತಾಳವಾಡಿಯಲ್ಲಿಯೋ ಇರುವ ಓದುಗ ಬಂಧುಗಳೇ, ನಿಮ್ಮ ಮನೆಗೆ ಹೀಗೆ ಎರವಲು ಬಂದ ಮಾತುಗಳನ್ನು, ಅವುಗಳ ತವರಿನ ಹೆಸರಿನೊಡನೆ, ಮಕ್ಕಳ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಯಿಸಬಾರದೇಕೆ?