ಐಹೊಳೆ ದಾರಿಯಲ್ಲಿ ಕರೆಂಟು ಹೋದ ಗಾಡಿ

ಪಟ್ಟದಕಲ್ಲು ದಾಟುವಾಗಲೇ ಹೆಡ್‌ಲೈಟು ಮಂಕಾಗತೊಡಗಿತ್ತು. ಬನದ ಹುಣ್ಣಿಮೆ, ಬನಶಂಕರಿಯ ತೇರು ಎಳೆದ ರಾತ್ರಿ. ನಾಟಕದ ಎರಡನೇ ಅಂಕ ನಡೆದಿದ್ದಾಗ ಮಾವನ ಫೋನು ಬಡಿದುಕೊಂಡಿತು: ಇಳಕಲ್‌ನಲ್ಲಿ ಮಗಳಿಗೆ ಹೆರಿಗೆ ನೋವು, ಆಸ್ಪತ್ರೆಗೆ ಸೇರಿಸಿದ್ದಾರೆ. ಬಸ್ಸಿಗೆ ಕಾದರೆ ಬೆಳಗಾಗುತ್ತದೆ. ಮಾವ ಹಿಂದೆ ಕುಳಿತರು, ನಾನು ಗೇರ್ ಒತ್ತಿದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಆಮೇಲೆ ಹೆದ್ದಾರಿ.

ಹಾರ್ನು ಮೊದಲು ಕೂಗುವುದನ್ನು ಬಿಟ್ಟಿತು. ಇಂಡಿಕೇಟರ್ ಮಿನುಗದೆ ಹತ್ತಿಕೊಂಡೇ ನಿಂತಿತು. ಮೀಟರಿನ ಮುಳ್ಳು ನಡುಗಿತು.

"ಬ್ಯಾಟ್ರಿ ಸಾಯಾಕತ್ತೇತಿ ಅಳ್ಯಾ, ಲೈಟ್ ತಗಿ!"

ತೆಗೆಯುವುದೆಲ್ಲಿ? 2017ರ ಏಪ್ರಿಲ್‌ನಿಂದೀಚೆಗೆ ಬಂದ ಬೈಕುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚೇ ಇಲ್ಲ, ಎಂಜಿನ್ ಶುರುವಾದರೆ ದೀಪ ಹತ್ತಲೇಬೇಕು. ನನ್ನದು ಬಿಎಸ್6 ಗಾಡಿ; ಪೆಟ್ರೋಲ್ ಪಂಪು, ಇಂಜೆಕ್ಟರು, ಇಸಿಯು ಎಲ್ಲಕ್ಕೂ ಕರೆಂಟೇ ಉಸಿರು. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಎಷ್ಟೋ ಬ್ಯಾಟರಿ ಇಲ್ಲದೆಯೂ ಕಿಕ್ ಹೊಡೆದರೆ ಊರು ಮುಟ್ಟಿಸುತ್ತಿದ್ದವು. ಇದು ಹಾಗಲ್ಲ. ನಿಂತರೆ ನಿಂತಂತೆಯೇ.

ದೀಪದ ಹಿಂದೆ ಕೈಹಾಕಿ ಕಪ್ಲರ್ ಕಿತ್ತೆ. ಗಪ್ಪನೆ ಕತ್ತಲೆ. ಆಮೇಲೆ ಬೆಳದಿಂಗಳು ಕಣ್ಣಿಗೆ ಹತ್ತಿತು. ರಸ್ತೆ ಬೂದುಬಣ್ಣದಲ್ಲಿ ತೆರೆದುಕೊಂಡಿತು. ಎರಡನೇ ಗೇರು, ನಿಧಾನ, ಕಣ್ಣು ಕಿರಿದು ಮಾಡಿಕೊಂಡು ಹೊರಟೆವು. ಹೀಗೆ ಓಡಿಸಬಾರದು, ಗೊತ್ತು. ಹಿಂದೆ ಕುಳಿತ ತಂದೆಗೆ ಅದನ್ನು ಹೇಳುವವರು ಯಾರು?

ರವಿಕೀರ್ತಿಯ 634ರ ಶಾಸನವಿರುವ ಮೇಗುಟಿ ಗುಡ್ಡ ಹಿಂದೆ ಸರಿಯಿತು. ಅಮೀನಗಡದ ಕಡೆ ಒಂದು ಇಳಿಜಾರು, ಮುಂದೆ ತಿರುವು. ಎಂಜಿನ್ ಎರಡು ಸಲ ಕೆಮ್ಮಿ ಸತ್ತೇ ಹೋಯಿತು. ಹಿಂದಿನ ಕೆಂಪು ದೀಪವೂ ಇಲ್ಲ. ಅದೇ ಗಳಿಗೆಗೆ ಇಳಿಜಾರಿನ ಮೇಲಿಂದ ಹಾಡು ಕೇಳಿಸಿತು, ಕಿವಿ ಕಿತ್ತುಹೋಗುವಂಥ ಹಾಡು. ಜನವರಿ ಅಂದರೆ ಕಬ್ಬು ನುರಿಸುವ ಹಂಗಾಮು. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರು, ಇಳುಕಲಿನಲ್ಲಿ ಭಾರವೇ ಅದನ್ನು ನೂಕುತ್ತಿದೆ.

"ಹೊಲಕ್ಕ ನೂಕಲೇ!"

ನೂಕಿದೆವು. ಮುಂದಿನ ಗಾಲಿ ಎರೆಮಣ್ಣಿಗೆ ಇಳಿಯಿತು, ಹ್ಯಾಂಡಲ್ ಹೊರಳಿತು, ಗಾಡಿ, ಮಾವ, ನಾನು ಮೂವರೂ ಬಿಳಿಜೋಳದೊಳಗೆ ಬಿದ್ದೆವು. ಕಬ್ಬಿನ ತುದಿಗಳು ನಾವು ನಿಂತಿದ್ದ ಜಾಗವನ್ನೇ ಸವರಿಕೊಂಡು ಹೋದವು. ಟ್ರ್ಯಾಕ್ಟರು ಕೆಳಗೆ ಸಮತಟ್ಟಿನಲ್ಲಿ ಕಿರುಗುಟ್ಟುತ್ತ ನಿಂತಿತು.

"ಸಾಯಾಕ ನಿಂತೀರೇನ್ರೀ ಅಲ್ಲೆ?" ಡ್ರೈವರ್ ಬೈದ. ವಿಷಯ ತಿಳಿದ ಮೇಲೆ ಸೀಟಿನಡಿಯಿಂದ ಎರಡು ದಪ್ಪ ವೈರು ತೆಗೆದ.

ಇನ್ನು ಮಾವನ ಆಟ. ಅವರದು ಬೋರ್‌ವೆಲ್ ಮೋಟರು ಸುತ್ತುವ ಕಸುಬು. ಮಲ್ಟಿಮೀಟರು ಜೋಳಿಗೆ ಬಿಟ್ಟು ಇಳಿದದ್ದಿಲ್ಲ. ಬ್ಯಾಟರಿ ತುಂಬಿದ್ದರೆ 12.6 ವೋಲ್ಟಿರಬೇಕು, ನಮ್ಮದರಲ್ಲಿ 9.8. ತಿಂಗಳ ಹಿಂದಷ್ಟೇ ಬಾಗಲಕೋಟೆಯ ಗ್ಯಾರೇಜೊಂದರಲ್ಲಿ ಮೀಟರನ್ನೇ ಮುಟ್ಟದೆ "ಬ್ಯಾಟ್ರಿ ಹೋಗೇತ್ರಿ" ಅಂದು ಹೊಸದನ್ನು ಹಾಕಿಕೊಟ್ಟಿದ್ದರು. ಹಾಗಾದರೆ ಸಾಯುತ್ತಿರುವುದು ಬ್ಯಾಟರಿಯಲ್ಲ, ಅದಕ್ಕೆ ಉಣಿಸುವವನು.

ಟ್ರ್ಯಾಕ್ಟರಿನ ಎಂಜಿನ್ ಆರಿಸಿ, ಕೆಂಪು ಕೆಂಪಿಗೆ, ಕಪ್ಪು ಬಾಡಿಗೆ ಜೋಡಿಸಿದೆವು. ಬೈಕು ಶುರುವಾಯಿತು. ವೈರು ಬಿಡಿಸಿ ರೇಸ್ ಕೊಟ್ಟರೆ ವೋಲ್ಟೇಜು 14ರ ಹತ್ತಿರ ಏರಬೇಕಿತ್ತು. ಏರಲಿಲ್ಲ, ಇಳಿಯುತ್ತಲೇ ಹೋಯಿತು. ಆರಿಸಿದೆವು. ಎಂಜಿನ್ನಿನೊಳಗೆ ಕರೆಂಟು ಹುಟ್ಟಿಸುವ ಕಾಯಿಲ್‌ನಿಂದ ಮೂರು ಹಳದಿ ತಂತಿಗಳು ರೆಗ್ಯುಲೇಟರಿಗೆ ಹೋಗುತ್ತವೆ. ಆ ಕಪ್ಲರ್ ಬಿಚ್ಚಿ, ಒಂದೊಂದು ಹಳದಿಗೂ ಬಾಡಿಗೂ ಮಧ್ಯೆ ಮಾವ ಮುಳ್ಳಿಟ್ಟರು. ಕಿಂಯ್ ಅನ್ನಲಿಲ್ಲ. ಕಾಯಿಲ್ ಎಲ್ಲೂ ಬಾಡಿಗೆ ತಾಗಿಲ್ಲ. ಮತ್ತೆ ಟ್ರ್ಯಾಕ್ಟರಿನ ವೈರು, ಮತ್ತೆ ಶುರು. ಈಗ ಎಸಿ ವೋಲ್ಟು, ಹಳದಿಗೂ ಹಳದಿಗೂ ಮಧ್ಯೆ, ಮೂರು ಜೋಡಿ.

"ನಮ್ಮ ಬೋರಿನ ಮೋಟರ್ ಇದ್ಹಂಗ ಇದು, ತ್ರೀ ಫೇಸ್. ಮೂರೂ ಸಮ ಬಂದ್ರ ಕಾಯಿಲ್ ಜೀವಂತ."

ರೇಸ್ ಕೊಟ್ಟಂತೆ 60ರ ಆಜುಬಾಜು, ಮೂರೂ ಸಮ! ಕಾಯಿಲ್ ಕರೆಂಟು ಹುಟ್ಟಿಸುತ್ತಿದೆ, ನಡುದಾರಿಯಲ್ಲಿ ಯಾರೋ ನುಂಗುತ್ತಿದ್ದಾರೆ. ಮಾವ ಕಪ್ಲರಿಗೆ ಮೊಬೈಲಿನ ಬೆಳಕು ಹಿಡಿದರು. ಎರಡು ಪಿನ್ನು ಸುಟ್ಟು ಇದ್ದಿಲು, ಪ್ಲಾಸ್ಟಿಕ್ಕು ಕರಗಿ ಅಂಟು. ಸಡಿಲಾದ ಪಿನ್ನಿನಲ್ಲಿ ತಡೆ ಹುಟ್ಟುತ್ತದೆ. ಹತ್ತು ಆಂಪಿಯರ್ ಹರಿಯುವಲ್ಲಿ ಅರ್ಧ ಓಮ್ ಸೇರಿದರೂ 50 ವ್ಯಾಟ್ ಕಾವು. ಕಾವಿಗೆ ಪಿನ್ನು ಇನ್ನಷ್ಟು ಸಡಿಲ, ಸಡಿಲಿಗೆ ಇನ್ನಷ್ಟು ಕಾವು.

ಡ್ರೈವರನ ಕೊಯ್ತದಿಂದ ಕಪ್ಲರನ್ನೇ ಕತ್ತರಿಸಿ ಎಸೆದೆವು. ಸಿಪ್ಪೆ ಸುಲಿದು, ತಂತಿಗೆ ತಂತಿ ಬಿಗಿಯಾಗಿ ಹೊಸೆದು, ಬೇರೆಬೇರೆಯಾಗಿ ಟೇಪು ಸುತ್ತಿದೆವು. ಮೂರು ಹಳದಿಗಳಲ್ಲಿ ಯಾವುದು ಯಾವುದಕ್ಕೆ ಸೇರಿದರೂ ನಡೆಯುತ್ತದೆ. ಡಿಸಿ ಕಡೆಯ ಕೆಂಪು–ಕಪ್ಪು ಮಾತ್ರ ಅದಲುಬದಲಾಗಕೂಡದು, ಆದರೆ ರೆಗ್ಯುಲೇಟರೇ ಹೋದೀತು.

ಶುರು. ಟ್ರ್ಯಾಕ್ಟರಿನ ವೈರು ಕಿತ್ತೆವು. 12.9. ರೇಸ್. 13.5. ಇನ್ನೂ ರೇಸ್. 14.1! ಹೆಡ್‌ಲೈಟಿನ ಕಪ್ಲರ್ ಒತ್ತಿದೆ. ಜೋಳದ ತೆನೆಗಳೆಲ್ಲ ಬೆಳ್ಳಗೆ ಎದ್ದು ನಿಂತವು. ಡ್ರೈವರ್ ದುಡ್ಡು ಮುಟ್ಟಲಿಲ್ಲ.

ಹುನಗುಂದದಾಚೆ ಹೆದ್ದಾರಿ 50ರಲ್ಲಿ ಗ್ರಾನೈಟ್ ಬಂಡೆ ಹೊತ್ತ ಲಾರಿಗಳು ಗಾಳಿ ಸೀಳುತ್ತ ಪಕ್ಕದಲ್ಲೇ ಹೋದವು. ಆದರೆ ನಮಗೀಗ ಮುಂದೆಯೂ ದೀಪ, ಹಿಂದೆಯೂ ದೀಪ. ಇಳಕಲ್ ಮುಟ್ಟಿದಾಗ ಇನ್ನೂ ನಸುಕು. ಮೊಮ್ಮಗಳು ನಮಗಿಂತ ಮೊದಲೇ ಬಂದಿದ್ದಳು.

ಮರುದಿನ ಆ ಮೂರು ತಂತಿಗಳಿಗೆ ಬೆಸುಗೆ ಹಾಕಿಸಿದೆವು. ಬ್ಯಾಟರಿಗೆ ಚಾರ್ಜರ್ ಹಚ್ಚಿ ತುಂಬಿಸಿದೆವು. ಅದೇ ಇವತ್ತಿಗೂ ಓಡುತ್ತಿದೆ. ನಿಮ್ಮ ಗಾಡಿಯ ದೀಪ ಮಂಕಾದರೆ, ಹೊಸ ಬ್ಯಾಟರಿಗೆ ದುಡ್ಡು ತೆಗೆಯುವ ಮೊದಲು ಎಂಜಿನ್ ಓಡುತ್ತಿರುವಾಗ ಮೀಟರು ಹಚ್ಚಿಸಿ, ಮೂರು ಹಳದಿ ತಂತಿಗಳ ಕಪ್ಲರನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ ನೋಡಿ.